ಕೈ ಮಾತು ಕೇಳುತ್ತದೆ, ಮನಸ್ಸು ಕೇಳುವುದಿಲ್ಲ

ಚರ್ಚಿಗೆ ಹೊಸದಾಗಿ ಹೋಗತೊಡಗಿದವರು, ಕ್ರೈಸ್ತ ಧರ್ಮದ ಬಗ್ಗೆ ಓದಿ ತಿಳಿಯಲು ಹೊರಟವರು ಇಬ್ಬರೂ ಒಂದು ಕಡೆ ತಡವರಿಸುತ್ತಾರೆ. ನಂಬಿಕೆ ಎಂಬ ಮಾತನ್ನು ಹೇಗೋ ಒಪ್ಪಿಕೊಳ್ಳುತ್ತಾರೆ. ವಿಧೇಯತೆ ಎಂದ ಕೂಡಲೇ ಮುಖ ಗಂಟಿಕ್ಕುತ್ತದೆ. ಯಾರದೋ ಅಪ್ಪಣೆಗೆ ತಲೆಬಾಗಿ ನಿಲ್ಲುವುದೇ ಧರ್ಮವೇ ಎಂದು ಕೆಲವರು ಕೇಳುತ್ತಾರೆ. ಇನ್ನು ಕೆಲವರ ಕಷ್ಟ ಬೇರೆ: "ಕುಡಿತ ಬಿಡಬೇಕು, ಸಿಟ್ಟು ಬಿಡಬೇಕು ಅಂತ ನನಗೂ ಗೊತ್ತು ಸಾರ್, ಆದರೆ ಆಗೋದಿಲ್ಲವಲ್ಲ." ನನ್ನ ಮಟ್ಟಿಗೆ ಈ ಎರಡನೆಯದೇ ಗಟ್ಟಿ ಪ್ರಶ್ನೆ. ಇದನ್ನು 1600 ವರ್ಷಗಳ ಹಿಂದೆ ಒಬ್ಬರು ತಮ್ಮ ಮೈಮೇಲೆಯೇ ಹಾಕಿಕೊಂಡು ಪರೀಕ್ಷಿಸಿ ನೋಡಿದರು. ಆದ್ದರಿಂದ ಸಿದ್ಧಾಂತವನ್ನು ಆಮೇಲೆ ನೋಡೋಣ, ಮೊದಲು ಅವರ ಕಥೆ.

ಅವರೇ ಸಂತ ಅಗಸ್ಟೀನ್. ಹುಟ್ಟಿದ್ದು 354ರಲ್ಲಿ, ರೋಮನ್ನರ ಆಳ್ವಿಕೆಯಲ್ಲಿದ್ದ ಉತ್ತರ ಆಫ್ರಿಕದ ತಗಾಸ್ತೆ ಎಂಬ ಸಣ್ಣ ಊರಿನಲ್ಲಿ. ಅದು ಇಂದಿನ ಅಲ್ಜೀರಿಯದಲ್ಲಿದೆ. ತಾಯಿ ಮೋನಿಕಾ ಕಟ್ಟಾ ಕ್ರೈಸ್ತೆ; ತಂದೆ ಕೊನೆಗಾಲದಲ್ಲಷ್ಟೇ ಕ್ರೈಸ್ತರಾದವರು. ಹುಡುಗ ಮಹಾ ಚುರುಕು. ಕಾರ್ತೇಜಿನಲ್ಲಿ ಓದಿ, ಭಾಷಣಕಲೆ ಕಲಿಸುವ ಮೇಷ್ಟರಾಗಿ ಹೆಸರು ಮಾಡಿ, 384ರಲ್ಲಿ ಮಿಲಾನಿಗೆ ಹೋದರು. ಆಗ ಚಕ್ರವರ್ತಿಯ ಆಸ್ಥಾನ ಅಲ್ಲಿತ್ತು. ಮೂವತ್ತರ ಹರೆಯದಲ್ಲೇ ದೊಡ್ಡ ಸರ್ಕಾರಿ ಹುದ್ದೆ, ಮೇಲಿನವರ ಒಡನಾಟ. ಊರ ಕಣ್ಣಿಗೆ ಅವರು ಗೆದ್ದ ಮನುಷ್ಯ.

ಒಳಗಿನ ಕಥೆ ಬೇರೆ. ಒಬ್ಬ ಹೆಂಗಸಿನ ಜೊತೆ ಮದುವೆಯಿಲ್ಲದೆ ಸುಮಾರು ಹದಿನೈದು ವರ್ಷ ಬಾಳಿದ್ದರು. ಅದಿಯೋದಾತಸ್ ಎಂಬ ಮಗನಿದ್ದ. ಅಂತಸ್ತಿಗೆ ತಕ್ಕ ಮದುವೆ ಗೊತ್ತಾದಾಗ ಆಕೆಯನ್ನು ಆಫ್ರಿಕಕ್ಕೆ ಕಳಿಸಿಬಿಟ್ಟರು. ಇನ್ನೊಬ್ಬ ಗಂಡಸಿನ ಮುಖ ನೋಡುವುದಿಲ್ಲವೆಂದು ದೇವರಿಗೆ ಹರಕೆ ಹೊತ್ತು ಆಕೆ ಹೋದಳು. ನಿಶ್ಚಯವಾದ ಹುಡುಗಿ ಇನ್ನೂ ಚಿಕ್ಕವಳು, ಎರಡು ವರ್ಷ ಕಾಯಬೇಕಿತ್ತು. ಅಷ್ಟನ್ನೂ ಕಾಯಲಾಗದೆ ಇವರು ಇನ್ನೊಬ್ಬಳನ್ನು ಇಟ್ಟುಕೊಂಡರು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. ಆದರೆ ಆ ಮೊದಲಿನವಳ ಹೆಸರನ್ನು ಮಾತ್ರ ಬರೆಯಲಿಲ್ಲ. ಈ ಪುಟಗಳನ್ನು ಓದುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಬರಬೇಕು ಕೂಡ. ಸಂತರ ಬದುಕನ್ನು ಹೊಳಪು ಹಚ್ಚಿ ಓದಿದರೆ ಏನೂ ಕಲಿಯಲಾಗದು.

ಈ ವಿವರಗಳು ನಮಗೆ ಸಿಗುವುದು 'ಕನ್ಫೆಷನ್ಸ್' ಎಂಬ ಅವರ ಪುಸ್ತಕದಲ್ಲಿ. ಸುಮಾರು 397ರಿಂದ 400ರ ನಡುವೆ, ಹಿಪ್ಪೋ ಎಂಬ ಬಂದರು ಊರಿನ ಬಿಷಪ್ ಆದ ಮೇಲೆ ಲ್ಯಾಟಿನ್ನಿನಲ್ಲಿ ಬರೆದದ್ದು. ಒಟ್ಟು 13 ಭಾಗಗಳು. ಮೊದಲಿನಿಂದ ಕೊನೆಯವರೆಗೂ ದೇವರನ್ನೇ ಉದ್ದೇಶಿಸಿ ಆಡಿದ ಮಾತು. ತಮ್ಮನ್ನೇ ಹಳಿದುಕೊಂಡು ದೇವರ ಮುಂದೆ ನಿಲ್ಲುವ ದಾಸರ ಕೀರ್ತನೆಗಳನ್ನು ಕೇಳಿ ಬೆಳೆದ ಕನ್ನಡ ಓದುಗರಿಗೆ ಈ ಧಾಟಿ ಅಪರಿಚಿತವೇನೂ ಅಲ್ಲ.

ಈಗ ಎಂಟನೆಯ ಭಾಗಕ್ಕೆ ಬನ್ನಿ. 386ರ ಬೇಸಿಗೆ. ಮಿಲಾನಿನ ಬಿಷಪ್ ಆಂಬ್ರೋಸರ ಉಪದೇಶ ಕೇಳಿ, ಓದಬೇಕಾದ್ದನ್ನೆಲ್ಲ ಓದಿ, ಅಗಸ್ಟೀನರ ಬುದ್ಧಿಯ ಸಂಶಯಗಳು ಬಹುಮಟ್ಟಿಗೆ ತೀರಿದ್ದವು. ಕ್ರಿಸ್ತನ ದಾರಿ ಸರಿ ಎಂದು ತಲೆ ಒಪ್ಪಿತ್ತು. ಹೊಸಬರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸತ್ಯ ಗೊತ್ತಾದರೆ ಬದುಕು ತಾನಾಗಿ ಬದಲಾಗುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಅವರಿಗೆ ಹಾಗಾಗಲಿಲ್ಲ. ಬೆಳಗಾಗಿದೆ ಎಂದು ಗೊತ್ತಿದ್ದೂ ಇನ್ನೊಂದು ಗಳಿಗೆ ಎಂದು ಮತ್ತೆ ನಿದ್ದೆಗೆ ಜಾರುವವನ ಪಾಡು ತನ್ನದು ಎಂದು ಅವರೇ ಹೇಳಿಕೊಳ್ಳುತ್ತಾರೆ. ಹರೆಯದಲ್ಲಿ ದೇವರ ಬಳಿ ಸಂಯಮವನ್ನು ಬೇಡಿದ್ದರಂತೆ, ಜೊತೆಗೆ ಅದು ಕೂಡಲೇ ಸಿಕ್ಕಿಬಿಡುವುದು ಬೇಡವೆಂದೂ.

ಒಂದು ದಿನ ಪೊಂತಿಸಿಯಾನಸ್ ಎಂಬ ಪರಿಚಿತರು ಮನೆಗೆ ಬಂದು, ಈಜಿಪ್ಟಿನ ಸನ್ಯಾಸಿ ಅಂತೋನಿಯ ವಿಷಯ ಹೇಳಿದರು. ಆ ಸನ್ಯಾಸಿಯ ಜೀವನಚರಿತ್ರೆ ಓದಿ ಇಬ್ಬರು ಅಧಿಕಾರಿಗಳು ನಿಂತ ನಿಲುವಿನಲ್ಲೇ ಹುದ್ದೆ ಬಿಟ್ಟದ್ದನ್ನೂ ಹೇಳಿದರು. ಅಗಸ್ಟೀನರಿಗೆ ಕೂತಲ್ಲಿ ಕೂರಲಾಗಲಿಲ್ಲ. ಮನೆಯ ತೋಟಕ್ಕೆ ಹೋದರು. ಗೆಳೆಯ ಅಲಿಪಿಯಸ್ ಹಿಂದೆಯೇ ಹೋದರು. ಅಲ್ಲಿ ಅಗಸ್ಟೀನ್ ತಲೆಗೂದಲು ಕಿತ್ತುಕೊಂಡರು, ಹಣೆ ಬಡಿದುಕೊಂಡರು, ಬೆರಳು ಹೆಣೆದು ಮೊಣಕಾಲು ಅವುಚಿ ಕೂತರು. ಆ ಸಂಕಟದ ನಡುವೆಯೇ ಅವರ ಬುದ್ಧಿ ಒಂದು ವಿಚಿತ್ರವನ್ನು ಗಮನಿಸಿತು. ಆಡು ಎಂದರೆ ಕೈ ಆಡುತ್ತದೆ. ಅಪ್ಪಣೆಗೂ ಕೆಲಸಕ್ಕೂ ನಡುವೆ ಬಿಡುವೇ ಇಲ್ಲ. ಅದೇ ಮನಸ್ಸು ತನಗೆ ತಾನೇ ಅಪ್ಪಣೆ ಕೊಟ್ಟರೆ ಕೇಳುವುದಿಲ್ಲ. ದೇಹವಾದರೂ ಬೇರೆ, ಮನಸ್ಸು ತಾನೇ ಅಲ್ಲವೇ? ಅವರಿಗೆ ಹೊಳೆದ ಕಾರಣ ಇದು: ಮನಸ್ಸು ಪೂರ್ತಿಯಾಗಿ ಬಯಸುತ್ತಿಲ್ಲ. ಅರ್ಧ ಬೇಕು ಎನ್ನುತ್ತದೆ, ಅರ್ಧ ಬೇಡ ಎನ್ನುತ್ತದೆ. ಹಳೆಯ ಚಟಗಳು ಹಿಂದಿನಿಂದ ಬಟ್ಟೆ ಜಗ್ಗಿ, ನಮ್ಮನ್ನು ಬಿಟ್ಟು ಇರಬಲ್ಲೆಯಾ ಎಂದು ಪಿಸುಗುಟ್ಟಿದಂತೆ ಕೇಳಿಸಿತಂತೆ. ಚಟ ಬಿಡಲು ಹೆಣಗಿದ ಯಾರಿಗಾದರೂ ಆ ಪಿಸುಮಾತಿನ ಗುರುತು ಹತ್ತುತ್ತದೆ.

ಮುಂದಿನದು ಪ್ರಸಿದ್ಧ. ಪಕ್ಕದ ಮನೆಯಿಂದ, ತೆಗೆದುಕೊಂಡು ಓದು ಎಂದು ಒಂದು ಮಗು ಹಾಡಿದಂತೆ ಕೇಳಿಸಿತು. ಬೈಬಲಿನಲ್ಲಿರುವ ಪೌಲನ ಪತ್ರಗಳ ಪುಸ್ತಕ ತೆರೆದರು. ಕಣ್ಣಿಗೆ ಬಿದ್ದದ್ದು ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯದ ಕೊನೆ: ಕುಡಿತ, ಕಾಮ, ಜಗಳಗಳನ್ನು ಬಿಟ್ಟು ಕ್ರಿಸ್ತನನ್ನು ಧರಿಸಿಕೊಳ್ಳಬೇಕೆಂಬ ಮಾತು. ಅಷ್ಟಕ್ಕೆ ಒಳಗಿನ ಕತ್ತಲೆ ಹರಿಯಿತು ಎನ್ನುತ್ತಾರೆ.

ಹೊಸಬರು ಎಡವುವುದೇ ಇಲ್ಲಿ. ಒಂದು ದನಿ, ಒಂದು ವಾಕ್ಯ, ಒಂದೇ ಏಟಿಗೆ ಗೆಲುವು ಎಂದುಕೊಳ್ಳುತ್ತಾರೆ. ತಮಗೆ ಅಂಥದ್ದೇನೂ ಆಗದಿದ್ದರೆ ನಂಬಿಕೆ ಸಾಲದೆಂದು ಕೊರಗುತ್ತಾರೆ. ಆದರೆ ತೋಟದ ಆಚೆಗೂ ಓದಿ ನೋಡಿ. ಅಗಸ್ಟೀನ್ ಮರುದಿನವೇ ಕೆಲಸ ಬಿಟ್ಟು ಸದ್ದು ಮಾಡಲಿಲ್ಲ. ದ್ರಾಕ್ಷಿ ಸುಗ್ಗಿಯ ರಜೆಗೆ ಕೆಲವೇ ದಿನಗಳಿದ್ದವು. ಅಲ್ಲಿಯವರೆಗೆ ಪಾಠ ಮಾಡಿ, ಆಮೇಲೆ ಬಿಟ್ಟರು. ತಾಯಿ, ಮಗ, ಗೆಳೆಯರ ಜೊತೆ ಹಳ್ಳಿಮನೆಯೊಂದರಲ್ಲಿ ಓದು, ಪ್ರಾರ್ಥನೆ, ಮಾತುಕತೆಯಲ್ಲಿ ದಿನ ಕಳೆದರು. ದೀಕ್ಷಾಸ್ನಾನ ಪಡೆದದ್ದು 387ರ ಈಸ್ಟರ್ ರಾತ್ರಿ, ಮಗ ಮತ್ತು ಅಲಿಪಿಯಸ್ ಜೊತೆಗೆ. ವಿಧೇಯತೆ ಎಂದರೆ ಬಹುಪಾಲು ಇಂಥದ್ದೇ: ಇಂದು ಮಾಡಬೇಕಾದ್ದನ್ನು ಇಂದು ಮಾಡುವುದು, ಒಬ್ಬಂಟಿಯಾಗಿ ಮಾಡಲು ಹೋಗದಿರುವುದು.

ಹತ್ತನೆಯ ಭಾಗ ಇನ್ನೂ ಒಳ್ಳೆಯ ಮದ್ದು. ತೋಟದ ಘಟನೆಯಾಗಿ ಹತ್ತು ವರ್ಷ ದಾಟಿದೆ, ಈಗ ಅವರು ಬಿಷಪ್. ಆದರೂ ತಮ್ಮ ಸೋಲುಗಳ ಪಟ್ಟಿ ಒಪ್ಪಿಸುತ್ತಾರೆ. ಎಚ್ಚರದಲ್ಲಿ ಬಿಟ್ಟದ್ದು ಕನಸಿನಲ್ಲಿ ಬರುತ್ತದೆ. ಊಟ ಹಸಿವೆಗೋ ರುಚಿಗೋ ಎಂದು ತಿಳಿಯುವುದಿಲ್ಲ. ಪ್ರಾರ್ಥನೆಯ ಹಾಡಿನಲ್ಲಿ ಅರ್ಥಕ್ಕಿಂತ ರಾಗವೇ ಹೆಚ್ಚು ಸೆಳೆಯುತ್ತದೆ. ಯಾರಾದರೂ ಹೊಗಳಿದರೆ ಹಿತವಾಗುತ್ತದೆ. ಮನೆಯಲ್ಲಿ ಕೂತಾಗ ಹಲ್ಲಿ ನೊಣ ಹಿಡಿಯುವುದನ್ನು ನೋಡುತ್ತಾ ಮೈಮರೆಯುತ್ತಾರೆ! ಹಲ್ಲಿಯನ್ನು ನೋಡಿದ್ದಕ್ಕೂ ಇಷ್ಟು ನೊಂದುಕೊಳ್ಳಬೇಕೆ ಎಂದು ನನಗನಿಸಿದ್ದುಂಟು. ಆದರೂ ಹೋರಾಟ ಮುಗಿಯಿತು ಎಂದು ಅವರು ಎಲ್ಲೂ ಸುಳ್ಳು ಹೇಳಲಿಲ್ಲ ಎಂಬುದು ಮುಖ್ಯ.

ಇದೇ ಭಾಗದಲ್ಲಿ ಒಂದು ಪ್ರಾರ್ಥನೆ ಬರುತ್ತದೆ: ದೇವರು ಬೇಕಾದ್ದನ್ನು ಅಪ್ಪಣೆ ಕೊಡಲಿ, ಆದರೆ ಅದನ್ನು ನಡೆಸುವ ಶಕ್ತಿಯನ್ನೂ ಆತನೇ ಕೊಡಲಿ ಎಂಬುದು ಅದರ ಸಾರ. ರೋಮಿನಲ್ಲಿ ಇದನ್ನು ಕೇಳಿದ ಬ್ರಿಟನ್ ಮೂಲದ ಪೆಲೇಜಿಯಸ್ ಎಂಬ ಸಾಧಕರು ಕೆರಳಿದರು. ಶಕ್ತಿಯನ್ನೂ ದೇವರೇ ಕೊಡಬೇಕೆಂದರೆ ಜನ ಕೈಕಟ್ಟಿ ಕೂರುವುದಿಲ್ಲವೇ, ಒಳ್ಳೆಯದನ್ನು ಆರಿಸಿಕೊಳ್ಳುವ ಬಲವನ್ನು ದೇವರು ಹುಟ್ಟಿನಿಂದಲೇ ಮನುಷ್ಯನಿಗೆ ಕೊಟ್ಟಿಲ್ಲವೇ ಎಂಬುದು ಅವರ ವಾದ. ವಿವಾದ ವರ್ಷಗಟ್ಟಲೆ ನಡೆಯಿತು; 418ರಲ್ಲಿ ಕಾರ್ತೇಜಿನಲ್ಲಿ ಸೇರಿದ ಧರ್ಮಸಭೆ ಪೆಲೇಜಿಯಸ್ ಪಕ್ಷವನ್ನು ಖಂಡಿಸಿತು. ಸೋತವರ ವರ್ಗ ತಮ್ಮದೆಂದು ಬಲ್ಲವರು ಅಗಸ್ಟೀನರ ಕಡೆಗೇ ವಾಲುತ್ತಾರೆ, ನಾನೂ ಅದೇ ವರ್ಗ. ಹಾಗೆಂದು ಪೆಲೇಜಿಯಸ್ ಮೂರ್ಖರಲ್ಲ. ಕೃಪೆಯ ಹೆಸರಿನಲ್ಲಿ ಸೋಮಾರಿಗಳಾದವರನ್ನು ಅವರು ಕಣ್ಣಾರೆ ಕಂಡಿದ್ದರು. ನಾವೂ ಕಂಡಿಲ್ಲವೇ?

ಅಗಸ್ಟೀನರ ವಾದದ ಬೇರು ಪೌಲನಲ್ಲಿದೆ. ಬಯಸುವ ಒಳ್ಳೆಯದನ್ನು ಮಾಡಲಾರೆ, ಹೇಸುವ ಕೆಟ್ಟದ್ದನ್ನೇ ಮಾಡುತ್ತೇನೆ ಎಂಬ ಗೋಳು ರೋಮಾಪುರದವರ ಪತ್ರದ 7ನೆಯ ಅಧ್ಯಾಯದಲ್ಲೇ ಇದೆ. ಹಾಗಾಗಿ ಕ್ರೈಸ್ತರ ಲೆಕ್ಕದಲ್ಲಿ ನಂಬಿಕೆ ಎಂದರೆ, ನನ್ನ ಕೈಲಾಗದು ಎಂದು ಒಪ್ಪಿ ಇನ್ನೊಬ್ಬನ ಬಲಕ್ಕೆ ಕೈಚಾಚುವುದು. ವಿಧೇಯತೆ ಎಂದರೆ ಆ ಬಲ ನೆಚ್ಚಿ ಹೆಜ್ಜೆ ಎತ್ತಿಡುವುದು. ಮದ್ಯವ್ಯಸನಿಗಳಿಗಾಗಿ 1935ರಲ್ಲಿ ಅಮೆರಿಕದಲ್ಲಿ ಶುರುವಾದ 'ಆಲ್ಕೊಹಾಲಿಕ್ಸ್ ಅನಾನಿಮಸ್' ಕೂಡ ಒಂದು ಕ್ರೈಸ್ತ ಕೂಟದ ಒಡನಾಟದಿಂದ ಬೆಳೆದದ್ದು. ಕುಡಿತದ ಮುಂದೆ ನಾವು ಸೋತಿದ್ದೇವೆ ಎಂದು ಒಪ್ಪುವುದೇ ಅವರ ಮೊದಲ ಮೆಟ್ಟಿಲು.

ಎರಡು ಎಚ್ಚರಿಕೆಯ ಮಾತು ಹೇಳಲೇಬೇಕು. ಇಲ್ಲಿ ಹೇಳಿದ ವಿಧೇಯತೆ ದೇವರಿಗೆ. ನಿಮ್ಮ ಸಂಬಳ, ಮದುವೆ, ಫೋನು ಎಲ್ಲವೂ ತನ್ನ ಹಿಡಿತದಲ್ಲಿರಲಿ ಎನ್ನುವ ಯಾವ ಪಾಸ್ಟರ್‌ಗೂ ಅದು ಸಲ್ಲದು. ಖಿನ್ನತೆ ಇದ್ದರೆ, ಕುಡಿತ ಬಿಟ್ಟಾಗ ಮೈ ನಡುಗಿದರೆ, ಅದನ್ನು ನಂಬಿಕೆಯ ಕೊರತೆ ಎಂದು ಬಚ್ಚಿಡಬೇಡಿ. ಡಾಕ್ಟರ ಹತ್ತಿರ ಹೋಗಿ, ಪ್ರಾರ್ಥನೆಯನ್ನೂ ಮಾಡಿ.

'ಕನ್ಫೆಷನ್ಸ್' ಓದುವ ಮನಸ್ಸಾದರೆ ಮೊದಲ ಪುಟದಿಂದ ಶುರು ಮಾಡಬೇಡಿ, ಅರ್ಧಕ್ಕೇ ಬಿಟ್ಟುಬಿಡುತ್ತೀರಿ. ಎಂಟನೆಯ ಭಾಗ ಮೊದಲು ಓದಿ, ಆಮೇಲೆ ಹತ್ತನೆಯದು, ಬಳಿಕ ಹಿಂದಕ್ಕೆ ಹೋಗಿ. ಕಾಲ, ಸೃಷ್ಟಿಗಳ ಚರ್ಚೆಯಿರುವ ಕೊನೆಯ ಮೂರು ಭಾಗಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪಕ್ಕದಲ್ಲಿ ಪೌಲನ ಆ ಪತ್ರವೂ ಇರಲಿ, ಎಂಟನೆಯ ಭಾಗ ಮುಗಿಸುವ ಹೊತ್ತಿಗೆ ಅದನ್ನು ತೆರೆಯಬೇಕಾಗುತ್ತದೆ.