ಲಕೋಟೆಯ ಮೇಲಣ ಹೆಸರು

ಸಾಗರದ ಪೇಟೆಯಲ್ಲಿ ಪುಸ್ತಕದಂಗಡಿಯನ್ನಿಟ್ಟುಕೊಂಡು, ಪಠ್ಯಪುಸ್ತಕಗಳ ಋತು ಮುಗಿದೊಡನೆ ವರ್ಷದ ಶೇಷಭಾಗವನ್ನು ಗಿರಾಕಿಗಳ ನಿರೀಕ್ಷೆಯಲ್ಲಿಯೇ ಕಳೆಯುತ್ತಿದ್ದ ನನಗೆ, ವಿಧಾನಪರಿಷತ್ತಿನ ಪದವೀಧರರ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತ ನನ್ನ ಹಳೆಯ ಮೇಷ್ಟ್ರು ತಮ್ಮ ಪ್ರಚಾರಪತ್ರಗಳ ಹೊಣೆಯನ್ನು ವಹಿಸಿದುದು, ನನ್ನ ಕೈಬರಹ ದುಂಡಗಿದೆಯೆಂಬ ಒಂದೇ ಕಾರಣದಿಂದ. “ಇಲ್ಲಿ ಮತದಾರರೆಲ್ಲ ಓದಿದವರು ಕಣಯ್ಯಾ, ಭಾಷಣ ಬೇಡ, ಕಾಗದ ಬರೆದರೆ ಸಾಕು” ಎಂದರು. ಮೂವತ್ತು ವರ್ಷಗಳ ಹಿಂದಿನ ಮಾತು.

ಎಪ್ಪತ್ತೈದು ಸದಸ್ಯರ ಆ ಸದನದಲ್ಲಿ ಪದವೀಧರರು ಆರಿಸುವ ಸ್ಥಾನಗಳು 7. ಸಂವಿಧಾನದ 171ನೆಯ ವಿಧಿಯಂತೆ ಪದವಿ ಪಡೆದು ಮೂರು ವರ್ಷ ಕಳೆದವರಿಗೆ ಮಾತ್ರ ಈ ಹಕ್ಕು. ಮಲೆನಾಡಿನಿಂದ ಕರಾವಳಿಯವರೆಗೂ ಹಬ್ಬಿದ ಕ್ಷೇತ್ರದಲ್ಲಿ ಮತದಾರರು ವಿರಳವಾಗಿ ಚದುರಿರುವುದರಿಂದ, ಮನೆಮನೆಗೆ ಹೋಗುವುದಕ್ಕಿಂತ ತೆರೆದ ಲಕೋಟೆಯಲ್ಲಿ ಬುಕ್‌ಪೋಸ್ಟ್ ಕಳುಹಿಸುವುದು ಅಗ್ಗವೆಂಬುದು ನಮ್ಮ ಲೆಕ್ಕ. ಮುದ್ರಿತ ಮತದಾರರ ಪಟ್ಟಿಯನ್ನು ತಂದು ಅಂಗಡಿಯ ಹಿಂಭಾಗದಲ್ಲಿ ಹರಡಿಕೊಂಡೆವು.

ಸಾಮಾನ್ಯ ಚುನಾವಣೆಯ ಪಟ್ಟಿಯನ್ನು ಬಲ್ಲವರಿಗೆ ಇದೊಂದು ನಿಧಿಯೆಂದೇ ತೋರೀತು. ಹೆಸರು, ತಂದೆಯ ಅಥವಾ ಗಂಡನ ಹೆಸರು, ವಿಳಾಸ, ವಯಸ್ಸುಗಳೊಡನೆ ವಿದ್ಯಾರ್ಹತೆ ಮತ್ತು ಉದ್ಯೋಗಗಳೂ ಅದರಲ್ಲಿ ನಮೂದಾಗಿರುತ್ತವೆ. ಉದ್ಯೋಗದ ಅಂಕಣವನ್ನು ಕಂಡೊಡನೆ ನನ್ನ ಬುದ್ಧಿ ಚುರುಕಾಯಿತು. ಒಂದೇ ಪತ್ರವನ್ನು ಎಲ್ಲರಿಗೂ ಏಕೆ ಕಳುಹಿಸಬೇಕು? ಉಪಾಧ್ಯಾಯರಿಗೆ ನಿವೃತ್ತಿವೇತನವನ್ನೂ, ವಕೀಲರಿಗೆ ನ್ಯಾಯಾಲಯದ ಗ್ರಂಥಭಂಡಾರವನ್ನೂ, ನಿರುದ್ಯೋಗಿಗಳಿಗೆ ನೇಮಕಾತಿಯನ್ನೂ ಮುಂದಿಟ್ಟು ಮೂರು ಪತ್ರಗಳನ್ನು ನಾನೇ ರಚಿಸಿದೆ; ಮೇಷ್ಟ್ರು ಸಂಕೋಚದಿಂದಲೇ ಒಪ್ಪಿದರು.

ಎಂಟನೆಯ ದಿನ ಒಬ್ಬ ವೃದ್ಧ ವಕೀಲರು ಅಂಗಡಿಗೆ ಬಂದರು. ಚುನಾವಣೆಯ ಕರಪತ್ರದ ಕೆಳಗೆ ಮುದ್ರಕ, ಪ್ರಕಾಶಕರ ಹೆಸರು ವಿಳಾಸಗಳಿರಬೇಕೆಂಬುದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 127ಎ ಪ್ರಕರಣದ ವಿಧಿ. ಪ್ರಕಾಶಕನೆಂದು ನನ್ನ ಹೆಸರೇ ಅಚ್ಚಾಗಿದ್ದುದರಿಂದ ನನ್ನನ್ನು ಹುಡುಕುವುದು ಅವರಿಗೆ ಪ್ರಯಾಸವಾಗಲಿಲ್ಲ. ಮೇಜಿನ ಮೇಲೆ ಮೂರು ಲಕೋಟೆಗಳನ್ನು ಸಾಲಾಗಿಟ್ಟರು: ಒಂದು ಅವರದು, ಒಂದು ಉಪಾಧ್ಯಾಯಿನಿಯಾದ ಸೊಸೆಯದು, ಮತ್ತೊಂದು ಕೆಲಸ ಸಿಗದೆ ಮನೆಯಲ್ಲಿದ್ದ ಕಿರಿಯ ಮಗನದು. “ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಮೂವರೂ ಗಟ್ಟಿಯಾಗಿ ಓದಿದೆವು. ಮೂರರಲ್ಲೂ ‘ನನ್ನ ಪ್ರಥಮ ಕರ್ತವ್ಯ’ ಎಂದಿದೆ. ನಿಮ್ಮ ಮೇಷ್ಟ್ರಿಗೆ ಪ್ರಥಮಗಳು ಎಷ್ಟು ಮಾರಾಯ್ರೇ?” ಎಂದರು. ಕೋಪವಿರಲಿಲ್ಲ, ನಗುತ್ತಲೇ ಕೇಳಿದರು. ಕೋಪವಿದ್ದಿದ್ದರೆ ಉತ್ತರ ಹೇಳುವುದು ನನಗೆ ಸುಲಭವಾಗುತ್ತಿತ್ತು. ಪಟ್ಟಿಯಲ್ಲಿ ಆ ಮೂವರು ಬೇರೆಬೇರೆ ಗುಂಪುಗಳಾಗಿ ವಿಂಗಡವಾಗಿದ್ದರು. ಒಂದೇ ಒಲೆಯ ಅಡಿಗೆ ಉಣ್ಣುವವರೆಂಬುದನ್ನು ಯಾವ ಅಂಕಣವೂ ನನಗೆ ತಿಳಿಸಿರಲಿಲ್ಲ, ವಿಳಾಸವನ್ನು ಓದಿದ್ದರೆ ನಾನೇ ತಿಳಿಯಬಹುದಾಗಿತ್ತೆಂಬುದು ಬೇರೆ ಮಾತು.

ಹಿಂದಿರುಗಿದ ಲಕೋಟೆಗಳೂ ಕೆಲವನ್ನು ಕಲಿಸಿದವು. ಪದವಿಪತ್ರದಲ್ಲಿದ್ದಂತೆ ತವರಿನ ಹೆಸರು, ತವರಿನ ವಿಳಾಸಗಳಿಂದಲೇ ನೋಂದಾಯಿತರಾದ ಹೆಣ್ಣುಮಕ್ಕಳ ಕಾಗದಗಳು, “ಮದುವೆಯಾಗಿ ಹೋಗಿದ್ದಾರೆ” ಎಂಬ ಅಂಚೆಯಣ್ಣನ ಷರಾದೊಡನೆ ಮರಳಿದವು. ಶಾಲೆಯ ವಿಳಾಸಕ್ಕೆ ಕಳುಹಿಸಿದವುಗಳಾದರೋ ಮರಳಲೂ ಇಲ್ಲ. ಒಂದು ಶಾಲೆಯಲ್ಲಿ ಅವು ಕಟ್ಟು ಬಿಚ್ಚದೆಯೇ ಮತ್ತೊಂದು ಪಕ್ಷದ ಅಭಿಮಾನಿಯಾದ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ನಿದ್ರಿಸುತ್ತಿದ್ದುವೆಂದು ಫಲಿತಾಂಶದ ತರುವಾಯ ತಿಳಿಯಿತು.

ಮೇಷ್ಟ್ರು ಸೋತರು. ಸೋಲಿನ ಮೂಲ ಪತ್ರಗಳಲ್ಲಿರಲಿಲ್ಲವೆಂಬುದನ್ನು ಅರಿಯಲು ನನಗೆ ಇನ್ನೊಂದು ಚುನಾವಣೆ ಬೇಕಾಯಿತು. ಈ ಕ್ಷೇತ್ರಗಳ ಮತದಾರರ ಪಟ್ಟಿ ಪ್ರತಿ ಸಾರಿಯೂ ಹೊಸತಾಗಿ ತಯಾರಾಗತಕ್ಕದ್ದು. ಹಳೆಯ ಪಟ್ಟಿಯಲ್ಲಿದ್ದವನೂ ನಮೂನೆ 18ನ್ನು ಮತ್ತೆ ತುಂಬಬೇಕು, ನವೆಂಬರ್ 1 ಅರ್ಹತಾದಿನ. ಒಬ್ಬನೇ ಬಂದು ಅರ್ಜಿಗಳನ್ನು ರಾಶಿಯಾಗಿ ಸಲ್ಲಿಸಕೂಡದೆಂಬ ನಿಯಮವಿದ್ದರೂ, ಮನೆಗೆ ನಮೂನೆಯನ್ನು ತಂದುಕೊಟ್ಟು, ಪದವಿಪತ್ರದ ನಕಲು ಮಾಡಿಸಿ, ದೃಢೀಕರಣಕ್ಕೆ ದಾರಿ ತೋರಿಸುವವನನ್ನು ಯಾವ ನಿಯಮವೂ ತಡೆಯದು. ಸಂಘಟನೆಯುಳ್ಳ ಪಕ್ಷಗಳು ಇದನ್ನೇ ಮಾಡುತ್ತವೆ. ನಾವು ಕೊಂಡುತಂದ ಪಟ್ಟಿ ನಮಗೆ ಅಪರಿಚಿತರ ಸಮೂಹವಾಗಿದ್ದರೆ, ಅವರಿಗೆ ಅದು ತಾವೇ ಬಾಗಿಲು ತಟ್ಟಿ ಒಬ್ಬೊಬ್ಬರನ್ನಾಗಿ ಸೇರಿಸಿದ ಪರಿಚಿತರ ಬಳಗವಾಗಿತ್ತು. ಕಾಗದ ಬರೆಯುವ ಹೊತ್ತಿಗೆ ಅವರ ಅರ್ಧ ಚುನಾವಣೆ ಮುಗಿದಿತ್ತು.

ಇತ್ತೀಚೆಗೆ ಲಕೋಟೆಗಳು ಬಹಳವಿಲ್ಲ. ಮೊಬೈಲಿಗೆ ಸಂದೇಶಗಳು ಬರುತ್ತವೆ. ಹಿಂದಿನ ಪಟ್ಟಿಯೊಂದರಲ್ಲಿ ನನ್ನ ಉದ್ಯೋಗ ‘ಗ್ರಂಥವ್ಯಾಪಾರ’ ಎಂದಿರಬೇಕಾದುದು ‘ಗಂಧವ್ಯಾಪಾರ’ ಎಂದು ಅಚ್ಚಾಗಿತ್ತು; ಗಂಧದ ಕೆತ್ತನೆಗೆ ಹೆಸರಾದ ಊರಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಅಂಗಡಿ ಮುಚ್ಚಿ ಎಷ್ಟೋ ವರ್ಷಗಳಾದರೂ, ಪರಸ್ಪರ ಮುಖ ನೋಡದ ಅಭ್ಯರ್ಥಿಗಳಿಬ್ಬರೂ ಕಳೆದ ಸಾರಿ ನನ್ನನ್ನು “ಗಂಧದ ವರ್ತಕ ಬಂಧುಗಳೇ” ಎಂದೇ ಸಂಬೋಧಿಸಿದಾಗ, ಕಾನೂನಿನಂತೆ ಪಟ್ಟಿ ಹೊಸತಾದರೂ ಅವರ ಕೈಯಲ್ಲಿರುವ ಪ್ರತಿ ಯಾವುದೆಂದು ನನಗೆ ಗೊತ್ತಾಯಿತು.

ಮೊನ್ನೆ ನಮೂನೆ ಹಿಡಿದು ಬಂದ ತರುಣನೊಬ್ಬನು ಉದ್ಯೋಗದ ಕಡೆ ಮೊದಲೇ ‘ಗಂಧವ್ಯಾಪಾರ’ ಎಂದು ತುಂಬಿಕೊಂಡೇ ತಂದಿದ್ದನು. ತಿದ್ದಲೆಂದು ಪೆನ್ನು ತೆಗೆದೆ. “ಇರಲಿ ಬಿಡಿ ಸಾರ್,” ಎಂದನು, “ತಿದ್ದಿದರೆ ನಮ್ಮ ಕಂಪ್ಯೂಟರಿನಲ್ಲಿ ನೀವು ಸಿಕ್ಕೋದಿಲ್ಲ.”