ಒಳಪೊರೆಯುಳ್ಳ ಉಕ್ಕಿನ ಕೊಳವೆಗಳನ್ನು ಬೆಸೆಯುವ ಕ್ರಮ

ನದಿಯಿಂದಾಗಲಿ ಕೆರೆಯಿಂದಾಗಲಿ ಎತ್ತರದ ಜಮೀನಿಗೆ ನೀರನ್ನು ಸಾಗಿಸುವ ಕೊಳವೆಸಾಲಿಗೆ ಒಂದು ಗ್ರಾಮದವರು ಪದೇ ಪದೇ ಹಣವನ್ನು ತೊಡಗಿಸಲಾರರು. ಒಮ್ಮೆ ನೆಲದಲ್ಲಿ ಹೂಳಿದ ಸಾಲು ಒಂದು ತಲೆಮಾರಿನವರೆಗಾದರೂ ಬಾಳಬೇಕೆಂಬುದು ಸಹಜವಾದ ಅಪೇಕ್ಷೆ. ಆದರೆ ಕೊಳವೆಯ ದಪ್ಪ, ಅಗಲ, ಬೆಲೆ ಮುಂತಾದುವನ್ನು ವಿಚಾರಿಸುವಷ್ಟು ಆಸ್ಥೆಯಿಂದ ಒಂದು ಕೊಳವೆಯು ಮತ್ತೊಂದಕ್ಕೆ ಸೇರುವ ಸಂದನ್ನು ಕುರಿತು ವಿಚಾರಿಸುವವರು ವಿರಳ. 900 ಮೀಟರು ಉದ್ದದ ಸಾಲಿಗೆ 6 ಮೀಟರಿನ ಕೊಳವೆಗಳು 150 ಬೇಕಾಗುತ್ತವೆ. ಅವುಗಳ ನಡುವೆ 149 ಸಂದುಗಳಿರುತ್ತವೆ. ಇವುಗಳಲ್ಲಿ ಒಂದು ಕೆಟ್ಟರೂ ಸಾಲೆಲ್ಲವೂ ನಿಲ್ಲುತ್ತದೆ. ಒಳಗೆ ಪ್ಲಾಸ್ಟಿಕ್ ಪೊರೆಯುಳ್ಳ ಉಕ್ಕಿನ ಕೊಳವೆಗಳಲ್ಲಿ ಈ ಎಚ್ಚರಿಕೆಯು ಇಮ್ಮಡಿಯಾಗಿರಬೇಕು. ಅದಕ್ಕೆ ಕಾರಣವನ್ನೂ, ಪೊರೆಯು ಕೆಡದಂತೆ ಸಂದನ್ನು ಬೆಸೆಯುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

1. ಒಳಪೊರೆಯ ಪ್ರಯೋಜನ

ಉಕ್ಕು ಬಲವಾದ ಲೋಹ. ನೀರಿನ ಒತ್ತಡವನ್ನೂ ಮೇಲೆ ಹಾಯುವ ಗಾಡಿಗಳ ಭಾರವನ್ನೂ ತಾಳಬಲ್ಲುದು. ಆದರೆ ನೀರು ಮತ್ತು ಗಾಳಿ ಎರಡೂ ಸೋಂಕಿದಲ್ಲಿ ಅದಕ್ಕೆ ತುಕ್ಕು ಹಿಡಿಯುತ್ತದೆ. ಉಪ್ಪಿನ ಅಂಶ ಹೆಚ್ಚಾಗಿರುವ ಅಂತರ್ಜಲವೂ, ನೀರಿನೊಡನೆ ಕಲಸಿ ಬಿಡುವ ರಾಸಾಯನಿಕ ಗೊಬ್ಬರವೂ ಈ ಕ್ಷಯವನ್ನು ತೀವ್ರಗೊಳಿಸುತ್ತವೆ. ಪ್ಲಾಸ್ಟಿಕ್ಕಿಗೆ ತುಕ್ಕಿನ ಭಯವಿಲ್ಲ; ಆದರೆ ಉಕ್ಕಿನ ಬಲವಿಲ್ಲ. ಆದ್ದರಿಂದ ಹೊರಗೆ ಉಕ್ಕನ್ನೂ ಒಳಗೆ ಪಾಲಿಥೀನ್ ಮೊದಲಾದ ಪ್ಲಾಸ್ಟಿಕ್ಕಿನ ಪೊರೆಯನ್ನೂ ಇಟ್ಟು ಎರಡರ ಗುಣವನ್ನೂ ಒಂದೇ ಕೊಳವೆಯಲ್ಲಿ ಪಡೆಯುತ್ತಾರೆ.

ಇದು ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸಿದಂತೆಯೇ ಸರಿ. ಕಲಾಯಿ ಇರುವವರೆಗೆ ಹುಣಿಸೆಯ ಸಾರು ಕೆಡದು. ಒಂದೆಡೆ ಕಲಾಯಿ ಸವೆದರೆ ಅಲ್ಲಿಂದಲೇ ಕಿಲುಬು ತೊಡಗುತ್ತದೆ. ಕೊಳವೆಯ ಪೊರೆಯು ಒಂದೆಡೆ ಹರಿದರೂ ನೀರು ಅಲ್ಲಿಂದ ಪೊರೆಯ ಹಿಂದಕ್ಕೆ ಹರಿದು ಉಕ್ಕನ್ನು ತಿನ್ನತೊಡಗುತ್ತದೆ. ಪಾತ್ರೆಯಾದರೆ ಕೈಯಿಟ್ಟು ಮತ್ತೆ ಕಲಾಯಿ ಮಾಡಬಹುದು. ನೆಲದಲ್ಲಿ ಹೂಳಿದ 100 ಮಿಲಿಮೀಟರು ಅಗಲದ ಕೊಳವೆಯೊಳಕ್ಕೆ ಕೈ ಹೋಗದು.

2. ಸಾಮಾನ್ಯ ವಿದ್ಯುತ್ ಬೆಸುಗೆಯಿಂದಾಗುವ ಹಾನಿ

ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಂಟಿಗ್ರೇಡ್ ಉಷ್ಣ ಬೇಕು. ಪಾಲಿಥೀನ್ ಪೊರೆಯು ಸುಮಾರು 130 ಡಿಗ್ರಿಯಲ್ಲೇ ಕರಗುತ್ತದೆ. ಈ ಎರಡು ಸಂಖ್ಯೆಗಳ ಅಂತರವೇ ಪ್ರಸ್ತುತ ತೊಡಕಿನ ಮೂಲ. ವಿದ್ಯುತ್ ಕಿಡಿಯಿಂದ ಉಕ್ಕನ್ನು ಕರಗಿಸಿ ಬೆಸೆಯುವಾಗ ಉಷ್ಣವು ಲೋಹದ ಮೂಲಕ ಎರಡೂ ಪಕ್ಕಕ್ಕೆ ಹರಿದು, ಸಂದಿನ ಬಳಿಯ ಪೊರೆಯು ಸುಟ್ಟು ಅಥವಾ ಸುಕ್ಕುಗಟ್ಟಿ ಕಿತ್ತುಬರುತ್ತದೆ. ಪಿ.ವಿ.ಸಿ. ಪೊರೆಯಾಗಿದ್ದಲ್ಲಿ ಅದು ಸುಡುವಾಗ ಹೊರಡುವ ಆಮ್ಲಯುಕ್ತವಾದ ಹೊಗೆಯು ಕೆಲಸಗಾರನ ಶ್ವಾಸಕೋಶಗಳಿಗೂ ಹಾನಿಕರ.

ಇದಕ್ಕಿಂತ ಮುಖ್ಯವಾದ ವಿಷಯವೊಂದುಂಟು. ಹೀಗೆ ಬೆಸೆದ ಸಾಲು ಹೊರಗಿನಿಂದ ನೋಡಲು ಅಂದವಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ಮೊದಲ ದಿನ ನೀರು ತುಂಬಿ ಒತ್ತಡ ಕೊಟ್ಟರೂ ಎಲ್ಲಿಯೂ ಸೋರುವುದಿಲ್ಲ. ಏಕೆಂದರೆ ಉಕ್ಕು ಇನ್ನೂ ಹೊಸದು. ಒಳಗೆ ಬತ್ತಲೆಯಾದ ಉಕ್ಕಿನ ಉಂಗುರವು ಕೆಲವು ವರ್ಷಗಳಲ್ಲಿ ತೂತಾದಾಗ ಮಾತ್ರ ದೋಷವು ಬಯಲಾಗುತ್ತದೆ. ಆಗ 149 ಸಂದುಗಳೂ ಒಂದೇ ರೀತಿ ಬೆಸೆದವುಗಳಾದ್ದರಿಂದ ಒಂದರ ಹಿಂದೆ ಮತ್ತೊಂದು ಕೆಡತೊಡಗುತ್ತವೆ. ಪೊರೆಗಾಗಿ ಕೊಟ್ಟ ಹೆಚ್ಚಿನ ಬೆಲೆಯೆಲ್ಲವೂ ವ್ಯರ್ಥವಾಗುತ್ತದೆ.

ಒಂದು ತೂತಿನಿಂದಾಗುವ ನಷ್ಟವನ್ನು ಲೆಕ್ಕ ಹಾಕಿ ನೋಡಬಹುದು. ನೀರನ್ನು 40 ಮೀಟರು ಎತ್ತರಕ್ಕೆ ಏರಿಸುವ ಸಾಲಿನ ಬುಡದಲ್ಲಿ 3 ಮಿಲಿಮೀಟರಿನ ಒಂದು ತೂತಿದ್ದರೆ, ಗಂಟೆಗೆ ಸುಮಾರು 440 ಲೀಟರು ನೀರು ಹೊರಬೀಳುತ್ತದೆ. ಪಂಪು ದಿನಕ್ಕೆ ಏಳು ಗಂಟೆ ನಡೆದಲ್ಲಿ ಸುಮಾರು 3000 ಲೀಟರು ನೀರೂ, ಅದನ್ನು ಎತ್ತಿದ ವಿದ್ಯುಚ್ಛಕ್ತಿಯೂ ಮಣ್ಣುಪಾಲಾಗುತ್ತವೆ.

3. ಬೆಂಕಿಯಿಲ್ಲದೆ ಜೋಡಿಸುವ ಕ್ರಮಗಳು

ಕೊಳವೆಯ ತುದಿಗಳಿಗೆ ಚಾಚುಪಟ್ಟಿಗಳನ್ನು, ಎಂದರೆ ಫ್ಲೇಂಜುಗಳನ್ನು, ಕೂಡಿಸಿ, ಒಳಪೊರೆಯನ್ನು ಅವುಗಳ ಮುಖದ ಮೇಲೆ ಮಡಿಸಿ, ಬೋಲ್ಟುಗಳಿಂದ ಬಿಗಿಯುವುದು ಒಂದು ಕ್ರಮ. ಇದರಲ್ಲಿ ನೀರಿಗೆ ಉಕ್ಕು ಸೋಂಕುವುದೇ ಇಲ್ಲ. ಪಂಪಿನ ಮನೆಯಲ್ಲಿಯೂ ನೆಲದ ಮೇಲಿನ ಸಾಲಿನಲ್ಲಿಯೂ ಇದು ಉತ್ತಮ. ಆದರೆ ಹೂಳಿದ ಸಾಲಿನಲ್ಲಿ ಬೋಲ್ಟುಗಳಿಗೆ ಹೊರಗಿನಿಂದ ತುಕ್ಕು ಹಿಡಿಯುತ್ತದೆ. ಪ್ರತಿ ಸಂದಿಗೂ ವೆಚ್ಚ ಅಧಿಕ.

ತಿರುಪು ಕೊರೆದು ಸಾಕೆಟ್ಟಿನಿಂದ ಜೋಡಿಸುವುದು ಎರಡನೆಯ ಕ್ರಮ. ತಿರುಪು ಕೊರೆದ ತುದಿಯಲ್ಲಿ ಬರಿಯ ಉಕ್ಕು ನೀರಿಗೆ ತೆರೆದುಕೊಳ್ಳುವುದೇ ಇದರ ದೋಷ. ಜಪಾನಿನ ಕಟ್ಟಡಗಳಲ್ಲಿ ಪಿ.ವಿ.ಸಿ. ಪೊರೆಯುಳ್ಳ ಉಕ್ಕಿನ ಕೊಳವೆಗಳು ರೂಢಿಗೆ ಬಂದ ಮೇಲೆಯೂ ಈ ತುದಿಗಳಲ್ಲೇ ತುಕ್ಕು ಹಿಡಿದು ನಲ್ಲಿಗಳಲ್ಲಿ ಕೆಂಪು ನೀರು ಬಂದುದುಂಟು. ಆ ಬಳಿಕ ಅಲ್ಲಿಯವರು ಕೊಳವೆಯ ತುದಿಯನ್ನು ಮುಚ್ಚುವಂತೆ ಪ್ಲಾಸ್ಟಿಕ್ ತಿರುಳನ್ನುಳ್ಳ ವಿಶೇಷ ಸಾಕೆಟ್ಟುಗಳನ್ನು ಬಳಕೆಗೆ ತಂದರು. ಪೊರೆಯು ಎಷ್ಟೇ ಉತ್ತಮವಾಗಿದ್ದರೂ ಕೊಳವೆಯ ಆಯುಷ್ಯವು ಅದರ ತುದಿಯನ್ನು ಅವಲಂಬಿಸಿದೆಯೆಂಬುದಕ್ಕೆ ಇದು ಸಾಕ್ಷಿ.

4. ವಿದ್ಯುತ್ ಪ್ರೇರಣೆಯ ತತ್ತ್ವ

ತಂತಿಯ ಸುರುಳಿಯಲ್ಲಿ ದಿಕ್ಕು ಬದಲಿಸುತ್ತಿರುವ ವಿದ್ಯುತ್ತನ್ನು ಹರಿಸಿದರೆ, ಅದರ ಬಳಿಯಿರುವ ಲೋಹದಲ್ಲಿ, ತಂತಿಯು ತಾಕದಿದ್ದರೂ, ವಿದ್ಯುತ್ ಹುಟ್ಟುತ್ತದೆ. ಇದಕ್ಕೆ ಪ್ರೇರಣೆಯೆಂದು ಹೆಸರು. ಇದನ್ನು 1831ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯವರು ಪ್ರಯೋಗದಿಂದ ತೋರಿಸಿಕೊಟ್ಟರು. ಹೀಗೆ ಹುಟ್ಟಿದ ವಿದ್ಯುತ್ತು ಲೋಹದೊಳಗೆ ಸುತ್ತುತ್ತಾ ಅದನ್ನು ಕಾಯಿಸುತ್ತದೆ. ಈಗ ಅನೇಕ ಮನೆಗಳಲ್ಲಿರುವ ಇಂಡಕ್ಷನ್ ಒಲೆಯಲ್ಲಿ ನಡೆಯುವುದೂ ಇದೇ. ಆ ಒಲೆಯ ಮೇಲೆ ಕಬ್ಬಿಣದ ಹೆಂಚು ಕಾಯುತ್ತದೆ. ಮಣ್ಣಿನ ಮಡಕೆ ಕಾಯುವುದಿಲ್ಲ. ವಿದ್ಯುತ್ತನ್ನು ಹರಿಯಗೊಡದ ಪ್ಲಾಸ್ಟಿಕ್ಕೂ ಹಾಗೆಯೇ ತಾನಾಗಿ ಕಾಯದು.

ಪೇಟೆಯಲ್ಲಿ ದೊರೆಯುವ ಉಕ್ಕಿನ ಕೊಳವೆಗಳಲ್ಲಿ ಅನೇಕವು ಕಾರ್ಖಾನೆಯಲ್ಲಿ ಈ ವಿಧಾನದಿಂದಲೇ ಸಿದ್ಧವಾಗುತ್ತವೆ. ತಗಡಿನ ಪಟ್ಟಿಯನ್ನು ದುಂಡಗೆ ಬಾಗಿಸಿ, ಅಂಚುಗಳನ್ನು ಪ್ರೇರಿತ ವಿದ್ಯುತ್ತಿನಿಂದ ಕಾಯಿಸಿ, ಉರುಳೆಗಳ ನಡುವೆ ಒತ್ತಿ ಉದ್ದಕ್ಕೂ ಬೆಸೆಯುತ್ತಾರೆ.

ಈ ವಿಧಾನದ ಗುಣಗಳು ಎರಡು. ಉಷ್ಣವು ಸುರುಳಿಯ ಕೆಳಗಿನ ಪಟ್ಟೆಯಲ್ಲಿ ಮಾತ್ರ ಹುಟ್ಟುತ್ತದೆ. ಅದನ್ನು ಬೇಕಾದ ಮಟ್ಟಕ್ಕೆ ಏರಿಸಿ ಅಲ್ಲಿಯೇ ನಿಲ್ಲಿಸಬಹುದು. ಬಂಡಿಯ ಗಾಲಿಗೆ ಕಾದ ಕಬ್ಬಿಣದ ಪಟ್ಟೆಯನ್ನು ಏರಿಸುವ ಕಮ್ಮಾರನು ಅದು ಕೂತೊಡನೆ ನೀರು ಸುರಿಯುತ್ತಾನೆ. ಇಲ್ಲವಾದರೆ ಮರ ಸುಡುತ್ತದೆ. ಕಬ್ಬಿಣವನ್ನು ಕಾಯಿಸಬೇಕು, ಅದಕ್ಕೆ ತಗುಲಿದ ವಸ್ತುವನ್ನು ಉಳಿಸಬೇಕು ಎಂಬ ಜಾಣ್ಮೆಯು ಎರಡು ಕಡೆಗೂ ಸಮಾನ.

5. ಬೆಸುಗೆಯ ಕ್ರಮ

ಪೊರೆಯ ಜಾತಿಯದೇ ಆದ ಪ್ಲಾಸ್ಟಿಕ್ಕಿನ ಗಿಡ್ಡ ಕೊಳವೆಯೊಂದನ್ನು ಅರ್ಧಭಾಗ ಒಂದು ಕೊಳವೆಯೊಳಕ್ಕೂ ಉಳಿದರ್ಧ ಮತ್ತೊಂದರೊಳಕ್ಕೂ ಹೋಗುವಂತೆ ಸೇರಿಸುತ್ತಾರೆ. ಇದನ್ನು ಒಳತೋಳೆಂದು ಕರೆಯಬಹುದು. ಸಂದಿನ ಹೊರಗೆ ಸುರುಳಿಯನ್ನು ಸುತ್ತಿ ವಿದ್ಯುತ್ತನ್ನು ಹರಿಸಿದಾಗ ಮೊದಲು ಉಕ್ಕು ಕಾಯುತ್ತದೆ. ಅದರ ಉಷ್ಣವು ಒಳಗಿನ ಪೊರೆಗೂ ಒಳತೋಳಿಗೂ ಮುಟ್ಟಿ ಎರಡೂ ಮೆತ್ತಗಾಗಿ ಒಂದಾಗುತ್ತವೆ. ಪಾಲಿಥೀನನ್ನು ಬೆಸೆಯಲು ಸುಮಾರು 200 ಡಿಗ್ರಿಯ ಶಾಖವೇ ಸಾಕು. ಉಕ್ಕನ್ನು ಕರಗಿಸುವ ಶಾಖ ಬೇಕಾಗಿಲ್ಲ.

ಪ್ಲಾಸ್ಟಿಕ್ ಬೆಸುಗೆಯು ನೀರನ್ನು ತಡೆಯುತ್ತದೆಯೇ ಹೊರತು ಸಾಲಿನ ಎಳೆತವನ್ನು ತಾಳದು. ಆದ್ದರಿಂದ ಉಕ್ಕನ್ನೂ ಉಕ್ಕಿಗೆ ಸೇರಿಸಲೇಬೇಕು. ಹೊರಗೆ ಉಕ್ಕಿನ ಪಟ್ಟಿಯನ್ನಿಟ್ಟು ಬೋಲ್ಟಿನಿಂದ ಬಿಗಿಯಬಹುದು. ಉಕ್ಕನ್ನು ಕರಗಿಸಿಯೇ ಬೆಸೆಯಬೇಕಾದಲ್ಲಿ ಒಳತೋಳಿನ ನಡುಭಾಗಕ್ಕೆ ಉಷ್ಣವನ್ನು ತಡೆಯುವ ಪಟ್ಟೆಯನ್ನು ಸುತ್ತಿರತಕ್ಕದ್ದು. ಒಳತೋಳು ಪೊರೆಯೊಡನೆ ಕೂಡುವ ಜಾಗವು ಉಕ್ಕಿನ ಬೆಸುಗೆಯಿಂದ ಸಾಕಷ್ಟು ದೂರವಿರತಕ್ಕದ್ದು.

ಕೆಲಸಗಾರನು ಗಮನಿಸಬೇಕಾದ ಅಂಶಗಳು ಇವು:

(ಅ) ಪಾಲಿಥೀನ್ ಪೊರೆಗೆ ಪಾಲಿಥೀನ್ ಒಳತೋಳನ್ನೇ ಬಳಸತಕ್ಕದ್ದು. ಜಾತಿ ಬೇರೆಯಾದರೆ ಬೆಸುಗೆ ಕೂಡದು. ಎಪಾಕ್ಸಿ ಪೊರೆಯು ಕಾಯಿಸಿದರೂ ಕರಗದಾದ್ದರಿಂದ ಅದಕ್ಕೆ ಈ ಕ್ರಮವು ಸಲ್ಲದು.

(ಆ) ಕೂಡುವ ಮುಖಗಳನ್ನು ಹೆರೆದು, ಧೂಳು, ಎಣ್ಣೆ, ತೇವ ಇಲ್ಲದಂತೆ ಶುಚಿಮಾಡತಕ್ಕದ್ದು. ಮಳೆಯಲ್ಲಿ ಮರೆಯಿಲ್ಲದೆ ಕೆಲಸ ಮಾಡಕೂಡದು.

(ಇ) ಉಷ್ಣವನ್ನು ಕಣ್ಣಂದಾಜಿನಿಂದ ನಿರ್ಣಯಿಸಕೂಡದು. ಉಷ್ಣಮಾಪಕವನ್ನಾಗಲಿ, ಗೊತ್ತಾದ ಉಷ್ಣದಲ್ಲಿ ಕರಗುವ ಬಳಪವನ್ನಾಗಲಿ ಉಪಯೋಗಿಸತಕ್ಕದ್ದು. ಕಡಮೆಯಾದರೆ ಬೆಸುಗೆ ಹಿಡಿಯದು. ಹೆಚ್ಚಾದರೆ ಪ್ಲಾಸ್ಟಿಕ್ ಸೀದುಹೋಗುತ್ತದೆ.

(ಈ) ಸಂದು ಆರುವವರೆಗೆ ಕೊಳವೆಯನ್ನು ಅಲುಗಿಸಕೂಡದು. ಬೇಗನೆ ಆರಲೆಂದು ನೀರು ಸುರಿಯಕೂಡದು. ಕಮ್ಮಾರನ ಕ್ರಮವು ಈ ಒಂದು ವಿಷಯದಲ್ಲಿ ಇಲ್ಲಿಗೆ ಹೊಂದದು.

6. ಪರೀಕ್ಷೆ

ಕೆಲಸ ತೊಡಗುವ ಮೊದಲು ಗ್ರಾಮದ ಮುಖಂಡರ ಸಮಕ್ಷಮದಲ್ಲಿ ಮಾದರಿಯ ಸಂದೊಂದನ್ನು ಬೆಸೆಯಿಸಿ, ಆರಿದ ಮೇಲೆ ಉದ್ದಕ್ಕೆ ಸೀಳಿಸಿ ನೋಡತಕ್ಕದ್ದು. ಒಳತೋಳನ್ನು ಪೊರೆಯಿಂದ ಕೀಳಲು ಯತ್ನಿಸಿದಾಗ ಪ್ಲಾಸ್ಟಿಕ್ಕೇ ಜಗ್ಗಿ ಹರಿದರೆ ಬೆಸುಗೆ ಒಳ್ಳೆಯದು. ಎರಡು ಮುಖಗಳು ನುಣುಪಾಗಿ ಬೇರ್ಪಟ್ಟರೆ ಅದು ಅಂಟಿಕೊಂಡಿತ್ತೇ ವಿನಾ ಬೆಸೆದಿರಲಿಲ್ಲ. ಒಂದು ಸಂದಿನ ಈ ವೆಚ್ಚವು ಉಳಿದ 149ಕ್ಕೆ ರಕ್ಷೆಯಾಗುತ್ತದೆ.

ಅನಂತರ ಪ್ರತಿ ಸಂದಿಗೂ ಅಂಕೆಯನ್ನು ಕೊಟ್ಟು, ಬೆಸೆದ ದಿನ, ಮುಟ್ಟಿಸಿದ ಉಷ್ಣ, ಹಿಡಿದ ಕಾಲ, ಕೆಲಸಗಾರನ ಹೆಸರು ಇವನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಕೊಳವೆಬಾವಿಯೊಳಕ್ಕೆ ಇಳಿಸುವಂಥ ಸಣ್ಣ ಕ್ಯಾಮೆರಾವನ್ನು ಸಾಲಿನೊಳಗೆ ಹಾಯಿಸಿ ಸಂದುಗಳನ್ನು ಒಳಗಿನಿಂದ ನೋಡುವುದು ಅತ್ಯಾವಶ್ಯಕ. ನೀರಿನ ಒತ್ತಡದ ಪರೀಕ್ಷೆಯೊಂದರಿಂದಲೇ ಸುಟ್ಟ ಪೊರೆಯು ತಿಳಿಯದೆಂಬುದನ್ನು ಮೇಲೆ ಹೇಳಿದೆ. ಕೊನೆಯಲ್ಲಿ ಸಾಲಿಗೆ ನೀರು ತುಂಬಿ, ಗಾಳಿಯನ್ನು ಹೊರಡಿಸಿ, ನಡೆಯುವ ಒತ್ತಡದ ಒಂದೂವರೆಯಷ್ಟನ್ನು ಕೊಟ್ಟು ನೋಡುವುದು ವಾಡಿಕೆ. 40 ಮೀಟರು ನೀರಿನ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 4 ಕಿಲೋಗ್ರಾಂ ಆದ್ದರಿಂದ ಅಂಥ ಸಾಲಿಗೆ 6 ಕಿಲೋಗ್ರಾಂ ಕೊಡಬೇಕಾಗುತ್ತದೆ. ಈ ಪರೀಕ್ಷೆಗಳು ಮುಗಿಯುವವರೆಗೆ ಸಂದುಗಳ ಮೇಲೆ ಮಣ್ಣನ್ನು ಮುಚ್ಚಗೊಡಕೂಡದು. ಗುತ್ತಿಗೆಯ ಕೊನೆಯ ಕಂತನ್ನೂ ಸಲ್ಲಿಸಕೂಡದು.

7. ಯಾವ ಸ್ಥಳಕ್ಕೆ ಯಾವುದು ಯೋಗ್ಯ

ಪ್ರೇರಣೆಯ ಬೆಸುಗೆಗೆ ವಿಶೇಷ ಯಂತ್ರವೂ, ವಿದ್ಯುತ್ತಿನ ಏರ್ಪಾಡೂ, ಶಿಕ್ಷಣ ಪಡೆದ ಕೆಲಸಗಾರನೂ ಬೇಕು. ಆದ್ದರಿಂದ ಒಬ್ಬ ರೈತನ ಸಣ್ಣ ಸಾಲಿಗೆ ಇದು ದುಬಾರಿ. ಮೆದು ಮಣ್ಣಿನಲ್ಲಿ, ಅಲ್ಪ ಒತ್ತಡದಲ್ಲಿ ಸಾಗುವ ಸಾಲಿಗೆ ಬರಿಯ ಪಾಲಿಥೀನ್ ಕೊಳವೆಯೇ ಸಾಕು. ಅದರ ತುದಿಗಳನ್ನು ಕಾದ ತಟ್ಟೆಗೆ ಒತ್ತಿ, ತಟ್ಟೆಯನ್ನು ತೆಗೆದು, ಒಂದಕ್ಕೊಂದು ಒತ್ತಿ ಬೆಸೆಯುತ್ತಾರೆ. ಪಿ.ವಿ.ಸಿ. ಕೊಳವೆಯನ್ನು ದ್ರಾವಕದ ಅಂಟಿನಿಂದ ಕೂಡಿಸುತ್ತಾರೆ. ಒತ್ತಡ ಹೆಚ್ಚಾಗಿರುವ ಸಾಲಿನ ಬುಡ, ಹಳ್ಳದ ಮೇಲೆ ಹಾಯುವ ಭಾಗ, ರಸ್ತೆಯ ಕೆಳಗೆ ಹೋಗುವ ಭಾಗ, ಬಂಡೆಯ ನೆಲ ಇವೇ ಮೊದಲಾದ ಎಡೆಗಳಲ್ಲಿ ಮಾತ್ರ ಉಕ್ಕಿನ ಬಲವು ಅವಶ್ಯ. ಆ ಭಾಗಕ್ಕೆ ಮಾತ್ರ ಪೊರೆಯುಳ್ಳ ಉಕ್ಕನ್ನು ಹಾಕಿಸಿದಲ್ಲಿ ಸಂದುಗಳ ಸಂಖ್ಯೆಯೂ ವೆಚ್ಚವೂ ಇಳಿಯುತ್ತವೆ.

ಯಾವ ಗ್ರಾಮದವರಾದರೂ ಪೊರೆಯುಳ್ಳ ಉಕ್ಕಿನ ಕೊಳವೆಯನ್ನು ಕೊಳ್ಳಲು ನಿಶ್ಚಯಿಸಿದಲ್ಲಿ, ಸಂದನ್ನು ಯಾವ ಕ್ರಮದಿಂದ ಕೂಡಿಸಲಾಗುವುದೆಂಬುದನ್ನು ಕರಾರಿನಲ್ಲಿ ಮೊದಲೇ ಬರೆಯಿಸತಕ್ಕದ್ದು. ಅದಕ್ಕೆ ಒಪ್ಪದ ಗುತ್ತಿಗೆದಾರನಿಂದ ಪೊರೆಯುಳ್ಳ ಕೊಳವೆಯನ್ನು ಹಾಕಿಸುವುದಕ್ಕಿಂತ ಕಡಮೆ ಬೆಲೆಯ ಸಾಮಾನ್ಯ ಕೊಳವೆಯನ್ನು ಹಾಕಿಸುವುದೇ ಮೇಲು; ಏಕೆಂದರೆ ಸಂದಿನಲ್ಲಿ ಪೊರೆಯಿಲ್ಲದ ಸಾಲು ಪೊರೆಯುಳ್ಳ ಸಾಲೆನ್ನಿಸಿಕೊಳ್ಳಲಾರದು.