ಎಳೆಯ ಉಸಿರಿಗೊಂದು ಕೃತಕ ಸರಪಣಿ

ಎರಡು ವರ್ಷಗಳ ಹಿಂದೆ ನಮ್ಮಕ್ಕನಿಗೆ ಏಳನೆಯ ತಿಂಗಳಿನಲ್ಲಿಯೇ ಹೆರಿಗೆಯಾಯಿತು. ಕೂಸು ಉಸಿರೆಳೆದಾಗಲೆಲ್ಲ ಅದರ ಎದೆಗೂಡು ಒಳಕ್ಕೆ ಕುಸಿಯುತ್ತಿತ್ತು. ವೈದ್ಯರು ಶ್ವಾಸನಾಳಕ್ಕೆ ಸಣ್ಣದೊಂದು ಕೊಳವೆ ಇಳಿಸಿ ಹಾಲಿನಂಥ ಔಷಧವನ್ನು ಬಿಟ್ಟರು. "ಕಾಲೇಜು ಓದ್ತೀಯಲ್ಲೋ ಮಗ, ಅದೇನು ಹೇಳು" ಎಂದು ಅವ್ವ ಕೇಳಿದಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಇತಿಹಾಸ ಓದುವ ನನಗೆ ಉತ್ತರ ತಿಳಿದಿರಲಿಲ್ಲ. ಆಮೇಲೆ ಓದಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ. ವಿಜ್ಞಾನ ಬಲ್ಲ ಅಧ್ಯಾಪಕರು ತಪ್ಪಿದ್ದರೆ ತಿದ್ದಬೇಕು.

ನಮ್ಮ ಪುಪ್ಪುಸಗಳಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಅವುಗಳ ಒಳಮೈ ಸದಾ ತೇವ. ನೀರಿನ ಮೇಲ್ಮೈಗೆ ಕುಗ್ಗಿ ಬಿಗಿದುಕೊಳ್ಳುವ ಗುಣವಿರುವುದರಿಂದ ಗೂಡುಗಳು ಮುಚ್ಚಿಕೊಳ್ಳಬೇಕಷ್ಟೆ. ಹಾಗಾಗದಂತೆ ತಡೆಯುವುದು ಸರ್ಫ್ಯಾಕ್ಟಂಟ್ ಎಂಬ ಲೇಪ. ಅದರಲ್ಲಿ ಬಹುಪಾಲು ಕೊಬ್ಬು, ಸ್ವಲ್ಪ ಪ್ರೋಟೀನು. ತಿಂಗಳು ತುಂಬದ ಕೂಸಿಗೆ ಈ ಲೇಪ ಸಾಲದು. ಪ್ರತಿ ಉಸಿರೂ ಹೊಸ ಬಲೂನನ್ನು ಊದಿದಷ್ಟು ಕಷ್ಟ.

ಇದನ್ನು 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ, ಜೆರಿ ಮೀಡ್ ಎಂಬವರು ತೋರಿಸಿಕೊಟ್ಟರು. ಕಾರಣ ತಿಳಿದೊಡನೆ ಮದ್ದು ಸಿಗಲಿಲ್ಲ. 1963ರಲ್ಲಿ ಅಧ್ಯಕ್ಷ ಕೆನೆಡಿಯವರ ಮಗು ಪ್ಯಾಟ್ರಿಕ್ ಇದೇ ರೋಗದಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡಿತು. 1980ರಲ್ಲಿ ಜಪಾನಿನ ಫುಜಿವಾರಾ ಅವರು ದನದ ಪುಪ್ಪುಸದಿಂದ ತಯಾರಿಸಿದ ಲೇಪವನ್ನು ಹತ್ತು ಕೂಸುಗಳಿಗೆ ಕೊಟ್ಟು ಗುಣ ಕಂಡರು. ನಮ್ಮ ಕೂಸಿಗೆ ಕೊಟ್ಟದ್ದೂ ಇದೇ ಜಾತಿಯದು.

ಪ್ರಾಣಿಯನ್ನು ನೆಚ್ಚದೆ ಇದನ್ನು ಮಾಡಲಾಗದೆ? ಲೇಪದಲ್ಲಿರುವ 'ಬಿ' ಎಂಬ ಪ್ರೋಟೀನು 79 ಅಮೈನೋ ಆಮ್ಲಗಳ ಸರಪಣಿ. ಅದನ್ನು ಅನುಕರಿಸಿ ಅಮೆರಿಕದ ಕಾಕ್ರೇನ್ ಮತ್ತು ರೆವಾಕ್ ಕೇವಲ 21 ಕೊಂಡಿಗಳ ಗಿಡ್ಡ ಸರಪಣಿಯನ್ನು, ಅಂದರೆ ಪೆಪ್ಟೈಡನ್ನು, ಕಟ್ಟಿದರು. ನೀರಿಗೆ ಒಲಿಯುವ ಲೈಸೀನ್ ಒಂದು, ಕೊಬ್ಬಿಗೆ ಒಲಿಯುವ ಲ್ಯೂಸೀನ್ ನಾಲ್ಕು. ಮತ್ತೆ ಲೈಸೀನ್ ಒಂದು, ಹೀಗೆ. ರಂಗೋಲಿಯ ಎಳೆಯಷ್ಟು ಸರಳ! ಇದನ್ನು ಕೊಬ್ಬಿನೊಡನೆ ಬೆರೆಸಿದ ಲೂಸಿನ್ಯಾಕ್ಟಂಟ್ ಔಷಧಕ್ಕೆ 2012ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ತಣ್ಣಗಿದ್ದಾಗ ತುಪ್ಪದಂತೆ ಗಟ್ಟಿ. 44 ಡಿಗ್ರಿಯಲ್ಲಿ ಕಾಲು ಗಂಟೆ ಬಿಸಿಮಾಡಿ ಕುಲುಕಬೇಕು. ಉಸಿರು ಕಟ್ಟಿದ ಕೂಸಿನ ಮುಂದೆ ಕಾಲು ಗಂಟೆ ಎಷ್ಟು ದೀರ್ಘವೆಂಬುದನ್ನು ನಾನು ಬಲ್ಲೆ. 2015ರಲ್ಲಿ ಅದರ ಮಾರಾಟ ನಿಂತಿತು. ತಯಾರಕರು ಕೊಳವೆಯಿಲ್ಲದೆ, ಮಂಜಿನಂತೆ ಉಸಿರಾಡಿಸುವ ಪ್ರಯೋಗಕ್ಕೆ ತಿರುಗಿದರು.

ಮೊನ್ನೆ ಅವ್ವ ಮತ್ತೆ ಕೇಳಿದಳು. ಕೂಸು ಅವಳ ಸೆರಗು ಎಳೆಯುತ್ತಿತ್ತು. ಈ ಸಲ ಎಲ್ಲವನ್ನೂ ಹೇಳಿದೆ, ದನದ ಮಾತೊಂದನ್ನು ಬಿಟ್ಟು.